ಆಲ್ವಿನ್ ಹತ್ತಬೇಕಾದ ಬಾಂಬರ್

ಆ ವಿಮಾನ ನೆಲ ಬಿಟ್ಟು ಏಳುವಾಗಲೇ ಬಿದ್ದರೆ? ಅನ್ನಕ್ಕಿಟ್ಟರೂ ಜೋಯ್ಲಿನ್‌ಗೆ ಇದೇ ಯೋಚನೆ, ಮಗಳು ಸ್ವೀಡಲ್‌ಳ ಜಡೆ ಹೆಣೆಯುವಾಗಲೂ ಇದೇ. "ಮಮ್ಮಾ, ಟೂ ಟೈಟ್!" ಎಂದು ಮಗು ಕಿರುಚಿದ ಮೇಲೇ ಕೈ ಸಡಿಲವಾಗುತ್ತಿತ್ತು.

ಅವಳ ಗಂಡ ಆಲ್ವಿನ್ ಶಿರ್ವದವನು. ವಿಮಾನದ ಎಂಜಿನ್ ರಿಪೇರಿ ಕಲಿತು ಗಲ್ಫಿಗೆ ಬಂದು, ದೊಡ್ಡ ಕಂಪೆನಿಯಲ್ಲಿ ಯೌವನ ಸವೆಸಿ, ಕೊರೊನಾ ಕಾಲದಲ್ಲಿ ಕೆಲಸ ಕಳೆದುಕೊಂಡ. ಆಗ ಕೈ ಹಿಡಿದದ್ದು ಜೋಯ್ಲಿನ್‌ಳ ಅಣ್ಣ ನೆಲ್ಸನ್. ಹಳೆಯ ವಿಮಾನಗಳ ಹುಚ್ಚಿರುವ ಶ್ರೀಮಂತರೊಬ್ಬರು ಅಬುಧಾಬಿಯ ಹೊರಗೆ ಕಟ್ಟಿಸಿದ ಹ್ಯಾಂಗರಿಗೆ ಅವನೇ ಮ್ಯಾನೇಜರ್. ವೀಸಾ ಅವನು ಮಾಡಿಸಿಕೊಟ್ಟದ್ದು, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಈ ಫ್ಲ್ಯಾಟೂ ಅವನು ಕೊಡಿಸಿದ್ದು. ಆ ಉಪಕಾರವನ್ನು ಆಲ್ವಿನ್ ಊಟದ ಮೊದಲಿನ ಪ್ರಾರ್ಥನೆಯಷ್ಟೇ ತಪ್ಪದೆ ನೆನೆಯುತ್ತಿದ್ದ.

ಹ್ಯಾಂಗರಿನಲ್ಲಿ ಈಗ ನಿಂತಿರುವುದು ಮರಾಡರ್, ಎರಡನೇ ಮಹಾಯುದ್ಧದ ಬಾಂಬರ್. ಗಿಡ್ಡ ರೆಕ್ಕೆ, ಇಳಿಯುವಾಗ ಹುಚ್ಚು ವೇಗ. ಹಾರಲು ಕಲಿಯುತ್ತಿದ್ದ ಹುಡುಗರನ್ನೇ ನುಂಗಿ, ಹೆಂಗಸರನ್ನು ವಿಧವೆ ಮಾಡುವ ವಿಮಾನ ಎಂಬ ಅಡ್ಡಹೆಸರು ಪಡೆದದ್ದು.

"ಹೆಸರು ಕೇಳಿಯೇ ಹೆದರಿದ್ಯಾ? ಆಗ ತರಬೇತಿ ಸರಿ ಇರ್ಲಿಲ್ಲ ಮಾರಾಯ್ತಿ, ವಿಮಾನದ್ದು ಎಂತ ತಪ್ಪು?" ಎಂದು ಆಲ್ವಿನ್ ನಗುತ್ತಿದ್ದ.

ಅಲ್ಲೊಂದು ರೂಢಿ. ರಿಪೇರಿ ಸರಿಯಾಗಿದೆ ಎಂದು ಸಹಿ ಹಾಕಿದವನೇ ಮೊದಲ ಹಾರಾಟದಲ್ಲಿ ಪೈಲಟಿನ ಹಿಂದೆ ಕೂರಬೇಕು. ಆಲ್ವಿನ್ ಸಹಿ ಹಾಕಿಯಾಗಿತ್ತು; ಹಾರಾಟ ಬರುವ ಗುರುವಾರ. ಒಂದು ಸಂಜೆ ಮೀನಿನ ಮುಳ್ಳು ಬಿಡಿಸುತ್ತ ಬಾಯಿಬಿಟ್ಟ: ಎಡಗಡೆ ಪ್ರೊಪೆಲ್ಲರಿನ ಅಲಗುಗಳು ಒಮ್ಮೊಮ್ಮೆ ತಾವಾಗಿಯೇ ಚಪ್ಪಟೆಯಾಗಿ ಹೊರಳಿಬಿಡುತ್ತವೆ, ಗಾಳಿ ಹಿಡಿಯುವುದಿಲ್ಲ. ಮೇಲೇರುವಾಗ ಹಾಗಾದರೆ ಎಂಜಿನ್ ಬೊಬ್ಬೆ ಹೊಡೆಯುತ್ತದೆ ಅಷ್ಟೆ, ವಿಮಾನವನ್ನು ಎಳೆಯುವುದಿಲ್ಲ.

"ಮತ್ತೆ ಸಹಿ ಯಾಕೆ ಹಾಕಿದ್ದು?"

"ನೆಲ್ಸನ್ ಬಾವ ಯಜಮಾನರಿಗೆ ಮಾತು ಕೊಟ್ಟಾಗಿದೆ."

ಭಾನುವಾರ ಇಗರ್ಜಿಯಿಂದ ನೆಲ್ಸನ್ ನೇರ ಊಟಕ್ಕೇ ಬಂದ. ಇಡ್ಲಿಯಂಥ ಸಾನ್ನ ಮುರಿಯುತ್ತಲೇ ತಮಾಷೆ: "ಎಂತ ಹೀರೋ, ಪೇಪರಿನ ಫೋಟೊಕ್ಕೆ ಮೀಸೆ ಬಿಡ್ತೀಯಾ?"

ಜೋಯ್ಲಿನ್‌ಗೆ ತಡೆಯಲಾಗಲಿಲ್ಲ. "ಅಣ್ಣ, ಆ ಪ್ರೊಪೆಲ್ಲರ್ ವಿಷಯ ಪೈಲಟಿಗೆ ಗೊತ್ತುಂಟಾ?"

ಆಲ್ವಿನ್ ತಟ್ಟೆ ನೋಡತೊಡಗಿದ. ನೆಲ್ಸನ್ ಮಾತ್ರ ಉಣ್ಣುವುದನ್ನು ನಿಲ್ಲಿಸಲಿಲ್ಲ. "ಕ್ಯಾಪ್ಟನ್ ತಮೀಮ್‌ಗೆ ಹೇಳಿದ್ರೆ ಅವರು ಹತ್ತುದೇ ಇಲ್ಲ."

"ಮತ್ತೆ ಇವರು?"

"ಇವ ನಮ್ಮವ ಅಲ್ವಾ, ಹತ್ತುತ್ತಾನೆ. ಒಂಚೂರು ಗ್ರೇವಿ ಹಾಕು. ಖಲಾಸ್, ಆ ಮಾತು ಬಿಡು."

"ಹೌದು ಬಾವ," ಎಂದ ಆಲ್ವಿನ್.

ಅವಳು ಗ್ರೇವಿ ಬಡಿಸಿದಳು. ಹತ್ತುವುದಿಲ್ಲ ಎನ್ನುವ ಹಕ್ಕು ಹೊರಗಿನವನಿಗಿತ್ತು, ಮನೆಯ ಅಳಿಯನಿಗೆ ಇರಲಿಲ್ಲ.

ಮರುದಿನ ಸ್ವೀಡಲ್ ಶಾಲೆಯ ಬಸ್ಸು ಹತ್ತಿದ ಮೇಲೆ ಜೋಯ್ಲಿನ್ ಹ್ಯಾಂಗರಿನವರ ಮನೆಮಂದಿಯೂ ಇರುವ ವಾಟ್ಸ್ಯಾಪ್ ಗ್ರೂಪಿನಲ್ಲಿ ತಮೀಮರ ನಂಬರ್ ಹುಡುಕಿದಳು. ಈ ಒಂದು ಮಾತಿಗೆ ಆಲ್ವಿನ್‌ನ ಲೈಸೆನ್ಸ್ ಹೋಗುತ್ತದೆ, ಅದರ ಹಿಂದೆಯೇ ವೀಸಾ. ಅಣ್ಣನ ಮನೆಯ ಬಾಗಿಲು ಮುಚ್ಚುತ್ತದೆ. ಬದುಕಿ ಉಳಿದ ಗಂಡನೂ ತನ್ನ ಮುಖ ನೋಡುವುದಿಲ್ಲ. ಎಲ್ಲ ಗೊತ್ತಿದ್ದೇ ಒತ್ತಿದಳು.

"ಕ್ಯಾಪ್ಟನ್, ನಾನು ಆಲ್ವಿನ್‌ನ ಹೆಂಡತಿ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು. "ಎಡಗಡೆಯ ಪ್ರೊಪೆಲ್ಲರ್ ಸರಿ ಇಲ್ಲ. ಸರಿ ಇದೆ ಅಂತ ಸಹಿ ಹಾಕಿದ್ದು ನನ್ನ ಗಂಡನೇ."