ಬರಲಿಲ್ಲ ಎಂದ ಕರೆ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಿನ್ನ ಅಪ್ಪ ನನಗೆ ಫೋನ್ ಮಾಡಿದ್ದರು, ಮಹ್ನಾಜ್. ಮಾಡಿರಲಿಲ್ಲ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ನಿನ್ನ ಅಪ್ಪ ಹೇಳಿದ್ದು ನಿಜ.

ಇದಕ್ಕಿಂತ ಹೆಚ್ಚಿನದು ನಿನಗೆ ಬೇಕಿಲ್ಲದಿರಬಹುದು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ, ಗಡಿಬಿಡಿಯಲ್ಲಿ ಏನೋ ಮರೆತವಳ ಹಾಗೆ ಕಾಣುತ್ತೇನೆ. ಮರೆತಿರಲಿಲ್ಲ. ಒಂದು ಗಳಿಗೆಯೂ —

ನಿನ್ನನ್ನು ಅರಿಯದವರೂ ಇದನ್ನು ಓದಬಹುದು. ಅವರಿಗಾಗಿ ಒಂದೆರಡು ಮಾತು. ಮೈಸೂರಿನ ಬೋಗಾದಿಯಲ್ಲಿ ಹಿಂದೆ ನಮ್ಮ ರಾಗಿ ಹೊಲವಿದ್ದ ಜಾಗದಲ್ಲೇ ಈಗ ನಮ್ಮ ಮನೆಯಿದೆ. ಕೆಳಗೆ ನಾನು, ಅಮ್ಮ. ಮೇಲೊಂದು ಬಾಡಿಗೆ ಮನೆ. ಆ ಮೇಲಿನ ಮನೆಯಲ್ಲಿ ನೀನಿದ್ದೆ — ಟೆಹ್ರಾನಿನಿಂದ ಬಂದು, ಇಲ್ಲಿ ಪಿಸ್ತಾ ಕಾಯಿಗೆ ಹಿಡಿಯುವ ಬೂಷ್ಟಿನ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಅಮ್ಮ ಮೊದಲ ವಾರವೇ ನಿನಗೆ ಮಾನಸ ಎಂದು ಹೆಸರಿಟ್ಟಳು. ನೀನು ಅವಳಿಂದಲೇ ಕನ್ನಡ ಕಲಿತೆ, ಅವಳ ಜೊತೆ ಅವಳ ಹಾಗೆಯೇ ಮಾತಾಡಿದೆ.

ನಾನು ಒಂದು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. 'ಆರ್ಥಿಕ ನಿರ್ಬಂಧ ಎಂದರೇನು? ಅದರ ಉದ್ದೇಶಗಳಾವುವು?' ನಮ್ಮ ಮಕ್ಕಳಿಗೆ ಇದು ಐದು ಅಂಕದ ಪ್ರಶ್ನೆ. ಅದರ ಉತ್ತರ ನಮ್ಮ ಮೆಟ್ಟಿಲು ಹತ್ತಿ ಇಳಿದು ಓಡಾಡುತ್ತಿತ್ತು. ನಾನೇ ಅದನ್ನು ಓದಿಕೊಂಡಿರಲಿಲ್ಲ. ಖಾತೆ ತೆರೆಯಲು ಹೋದರೆ ಬ್ಯಾಂಕಿನವರು ನಿನ್ನ ಪಾಸ್‌ಪೋರ್ಟ್ ನೋಡಿ ಮೇಜಿನ ಮೇಲೆ ಹಿಂದಕ್ಕೆ ಸರಿಸಿದ್ದರು. ನಿನ್ನ ಅಮ್ಮನ ಆಸ್ತಮಾ ಔಷಧಿ ಅಲ್ಲಿ ಸಿಗದೆ, ನೀನು ಮಂಡಿ ಮೊಹಲ್ಲಾದ ಸಗಟು ಅಂಗಡಿಯಲ್ಲಿ ಕೊಂಡು ಊರಿಗೆ ಹೋಗುವವರ ಚೀಲದಲ್ಲಿ ತುರುಕಿ ಕಳಿಸುತ್ತಿದ್ದೆ. ನಿರ್ಬಂಧಗಳು ಅಣುಬಾಂಬಿನ ಮೇಲೆ ಎಂದು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಬಿದ್ದದ್ದು ಒಬ್ಬ ಹೆಂಗಸಿನ ಉಸಿರಿನ ಮೇಲೆ.

ನಿನ್ನ ಊರಿನ ಮೇಲೆ ದಾಳಿ ಶುರುವಾಯಿತು. ಟಿವಿಯಲ್ಲಿ ಬೆಂಕಿಯ ಚಿತ್ರಗಳ ಮುಂದೆ ನಿಂತು ಯಾರೋ ಕೂಗುತ್ತಿದ್ದರು — ಬಾಂಬು ತಯಾರಾಗಲು ಎಷ್ಟು ವಾರ ಬೇಕಿತ್ತು, ಯಾವ ಬೆಟ್ಟದ ಕೆಳಗೆ ಏನಿತ್ತು. ವಿಮಾನಗಳು ನಿಂತವು. ಔಷಧಿಯ ಚೀಲ ನಿನ್ನ ಕೋಣೆಯಲ್ಲೇ ಉಳಿಯಿತು. ನೀನು ದಿನವೆಲ್ಲ ಫೋನ್ ನೋಡುತ್ತಿದ್ದೆ, ಊಟ ಬಿಟ್ಟೆ. ಅದೇ ವಾರ ನಿನ್ನ ಪಿಎಚ್.ಡಿ.ಯ ಮೌಖಿಕ ಪರೀಕ್ಷೆ. ಪರೀಕ್ಷಕರು ಬೇರೆ ರಾಜ್ಯದಿಂದ ಬಂದಾಗಿತ್ತು. ನಿನ್ನ ವೀಸಾ ಮುಗಿಯುವುದರಲ್ಲಿತ್ತು. ಆ ಬೆಳಿಗ್ಗೆ ನಾನೇ ನಿನ್ನ ಕೈಯಿಂದ ಫೋನ್ ಕಿತ್ತು, ಆಫ್ ಮಾಡಿ, ನನ್ನ ಬ್ಯಾಗಿನಲ್ಲಿ ಹಾಕಿಕೊಂಡೆ. "ಒಂದು ದಿನ ಸುದ್ದಿ ನೋಡಬೇಡ. ಸಂಜೆ ಕೊಡ್ತೀನಿ" ಅಂದೆ. ನೀನು ನನ್ನನ್ನು ನಂಬಿದೆ.

ಅಮ್ಮ ನಿನಗೆ ತನ್ನ ಹಸಿರು ರೇಷ್ಮೆ ಸೀರೆ ಉಡಿಸುತ್ತಿದ್ದಳು.

"ಅಲ್ಲಾಡ್ಬ್ಯಾಡ ಕಣವ್ವ, ನೆರಿಗೆ ಬಿಚ್ಚೋಯ್ತದೆ. ಬೂಸ್ಟಿಗೆ ಡಾಕ್ಟ್ರಾಗೋಳು, ಒಂದ್ ಸೀರೆ ಉಟ್ಕಳಾಕೆ ಬರಕಿಲ್ಲ ಅಂದ್ರೆ ಎಂಗೆ?"

"ಅಮ್ಮ, ಭಾಳ ಬಿಗಿ. ಸಾಕು ಬುಡಿ."

"ಬಿಗಿ ಇರ್ಲಿ. ಅವ್ರು ಪ್ರಶ್ನೆ ಕೇಳ್ದಾಗ ಬಗ್ಗಬಾರ್ದು, ಅದ್ಕೇ."

ನೀನು ನಕ್ಕೆ. ಎಷ್ಟೋ ದಿನದ ಮೇಲೆ. ಆ ನಗು ಅಡುಗೆಮನೆಯವರೆಗೂ ಕೇಳಿಸುತ್ತಿದ್ದಾಗಲೇ ನನ್ನ ಫೋನ್ ರಿಂಗಾಯಿತು. ತುರ್ತಿಗೆ ಇರಲಿ ಎಂದು ನೀನು ಮನೆಯವರಿಗೆ ನನ್ನ ನಂಬರ್ ಕೊಟ್ಟಿದ್ದೆ.

ಒಂದೊಂದೇ ಪದ ಹುಡುಕಿ ಜೋಡಿಸಿದ ಇಂಗ್ಲಿಷ್. ನಾನು ಮಹ್ನಾಜಳ ತಂದೆ. ಅವಳ ಫೋನ್ ಹೋಗುತ್ತಿಲ್ಲ. ದಯವಿಟ್ಟು ಕೇಳಿ. ಊರು ಬಿಟ್ಟು ಹೋಗಲು ಗಾಡಿ ಬಂದಿದೆ, ಕೆಳಗೆ ನಿಂತಿದೆ. ಅವಳ ತಾಯಿ ಬರುವುದಿಲ್ಲ ಅನ್ನುತ್ತಾಳೆ — ದಾರಿಯಲ್ಲಿ ಉಸಿರು ಕಟ್ಟಿದರೆ ಔಷಧಿ ಇಲ್ಲ ಎಂದು ಹೆದರಿದ್ದಾಳೆ. ನನ್ನ ಮಾತು ಕೇಳುವುದಿಲ್ಲ. ಮಗಳು ಹೇಳಿದರೆ ಹೊರಡುತ್ತಾಳೆ. ಈ ನಂಬರಿಗೆ ಮಾಡಲಿ. ಈಗಲೇ. ಲೈನು ಯಾವಾಗ ಬೇಕಾದರೂ ಹೋಗಬಹುದು.

"ಹೇಳ್ತೀನಿ" ಎಂದೆ. ಅವರು ಎರಡು ಸಲ ಥ್ಯಾಂಕ್ಸ್ ಹೇಳಿದರು.

"ಯಾರವ್ವ ಫೋನಲ್ಲಿ?" ಅಮ್ಮ ಕೋಣೆಯಿಂದ ಕೂಗಿದಳು.

"ಗ್ಯಾಸ್‌ನವರು" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಯೋಚಿಸಿ ಹೇಳಿದ್ದರೆ ನಡುಗುತ್ತಿದ್ದೆನೇನೋ — ಯೋಚನೆ ಆಮೇಲೆ ಬಂತು. ಈಗ ಹೇಳಿದರೆ ಅವಳು ಕುಸಿಯುತ್ತಾಳೆ, ಪರೀಕ್ಷೆಗೆ ಬರುವುದಿಲ್ಲ, ಇಷ್ಟು ವರ್ಷದ ಕೆಲಸ ಮಣ್ಣಾಗುತ್ತದೆ, ವೀಸಾ ಮುಗಿದು, ಬಾಂಬು ಬೀಳುವ ಊರಿಗೇ ಹೋಗಬೇಕಾಗುತ್ತದೆ. ಪರೀಕ್ಷೆ ಮುಗಿಯಲಿ. ನಾಲ್ಕು ಗಂಟೆಗೆ ಹೇಳಿದರಾಯಿತು. ಗಾಡಿ ಅಷ್ಟು ಹೊತ್ತು ಕಾಯಲಾರದೇ?

ಕಾದಿತ್ತು. ಅದು ಆಮೇಲೆ ತಿಳಿಯಿತು.

ನಮ್ಮಲ್ಲಿ ಕೆಟ್ಟ ಸುದ್ದಿಯನ್ನು ನೆಟ್ಟಗೆ ಹೇಳುವುದಿಲ್ಲ. 'ಸ್ವಲ್ಪ ಸೀರಿಯಸ್ಸು, ಹೊರಟು ಬಾ' ಅನ್ನುತ್ತಾರೆ. ಬಂದು ನೋಡಿದರೆ ಬಾಗಿಲ ಮುಂದೆ ಬೆಂಕಿ ಹಾಕಿರುತ್ತಾರೆ. ನನ್ನ ಅಪ್ಪ ಸತ್ತಾಗ ನಾನು ಎಂ.ಎ. ಕೊನೆಯ ಪತ್ರಿಕೆ ಬರೆಯುತ್ತಿದ್ದೆ. ಸೋದರಮಾವ ಕಾಲೇಜಿನ ಗೇಟಿನಲ್ಲಿ ನಿಂತು, ನಾನು ಬರೆದು ಮುಗಿಸುವವರೆಗೆ ಕಾದು, ಜ್ವರ ಜಾಸ್ತಿಯಾಗಿದೆ ಎಂದು ಸುಳ್ಳು ಹೇಳಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದ. ಎಲ್ಲರೂ ಅವನನ್ನು ಹೊಗಳಿದರು. ನನಗೆ ಫಸ್ಟ್ ಕ್ಲಾಸ್ ಬಂತು. ನಾನೂ ಹೊಗಳಿದೆ. ಆದರೆ ಅಪ್ಪನ ಮೈ ತಣ್ಣಗಾಗುತ್ತಿದ್ದ ಹೊತ್ತಿನಲ್ಲಿ ನಾನು ಸಂವಿಧಾನದ ಮೇಲೆ ಪುಟ ತುಂಬಿಸುತ್ತಿದ್ದೆ ಎಂಬುದನ್ನು ಇಂದಿಗೂ — ಇರಲಿ. ಇದನ್ನು ನೆಪವೆಂದು ಬರೆಯುತ್ತಿಲ್ಲ. ತಿರುಗಿ ನೋಡಿದರೆ ಇದರಿಂದ ನನ್ನ ತಪ್ಪು ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಆ ಸುಳ್ಳಿನ ರುಚಿ ನನಗೆ ಗೊತ್ತಿತ್ತು. ಗೊತ್ತಿದ್ದೇ ನಿನಗೆ ಬಡಿಸಿದೆ. ಮೇಲಾಗಿ, ನನಗೆ ಮುಚ್ಚಿಟ್ಟದ್ದು ಮುಗಿದುಹೋದ ಸಾವನ್ನು. ನಾನು ಮುಚ್ಚಿಟ್ಟದ್ದು ಇನ್ನೂ ತಪ್ಪಿಸಬಹುದಾಗಿದ್ದ ಸಾವನ್ನು.

ಆಟೋದಲ್ಲಿ ಹೋದೆವು. ಡ್ರೈವರ್ ಕನ್ನಡಿಯಲ್ಲಿ ನಿನ್ನನ್ನೇ ನೋಡುತ್ತಿದ್ದ.

"ಯಾವೂರು ಮೇಡಂ ನಿಮ್ದು?"

"ಬೋಗಾದಿ."

"ಅಯ್ಯೋ, ಅದಲ್ಲ ಮೇಡಂ, ಹುಟ್ಟಿದೂರು."

"ಯಾಕೆ, ಬೋಗಾದೀಲಿ ಯಾರೂ ಹುಟ್ಟಲ್ವಾ?"

ಅವನು ಬಿದ್ದು ಬಿದ್ದು ನಕ್ಕ. "ಸೂಪರ್ ಕಣ್ರೀ! ಅಲ್ಲೆಲ್ಲೋ ಯುದ್ಧ ಆಯ್ತೈತಂತೆ ಮೇಡಂ, ಇಲ್ಲಿ ಪೆಟ್ರೋಲ್ ರೇಟ್ ಏರ್ತದಂತೆ. ಬಾಂಬ್ ಹಾಕೋರು ಆ ರಿಂಗ್ ರೋಡ್ ಗುಂಡಿಗಾದ್ರೂ ಒಂದ್ ಲೋಡ್ ಮಣ್ ಹಾಕ್ಬಾರ್ದಾ?"

ನೀನು ಕಿಟಕಿಯ ಕಡೆ ತಿರುಗಿದೆ. ನಿನ್ನ ಕೈ ನನ್ನ ಕೈಯನ್ನು ಹುಡುಕಿತು. ನಾನು ಹಿಡಿದುಕೊಂಡೆ. ಇನ್ನೊಂದು ಕೈ ಬ್ಯಾಗಿನ ಮೇಲಿತ್ತು. ಒಳಗೆ ನಿನ್ನ ಆಫ್ ಆದ ಫೋನ್, ನಿನ್ನ ಅಪ್ಪನ ನಂಬರಿದ್ದ ನನ್ನ ಫೋನ್. ಬಾಯಿ ತೆರೆದಿದ್ದರೆ ಸಾಕಿತ್ತು. ಆ ಆಟೋದಲ್ಲಿ ನಾನು ಇಂದಿಗೂ ಕೂತೇ ಇದ್ದೇನೆ. ದಿನಾ ಬಾಯಿ ತೆರೆಯುತ್ತೇನೆ.

ನೀನು ಚೆನ್ನಾಗಿ ಉತ್ತರಿಸಿದೆ. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ಪರೀಕ್ಷಕರು ಎದ್ದು ನಿಂತು ನಿನ್ನ ಕೈ ಕುಲುಕಿದರು. ಮಾರ್ಗದರ್ಶಕರ ಕಣ್ಣಲ್ಲಿ ನೀರಿತ್ತು. ಮಲ್ಲಿಗೆ ಹಾರ, ಫೋಟೋ, ಮೈಸೂರು ಪಾಕ್. ನಾಲ್ಕು ಗಂಟೆ ಆಗಿತ್ತು. ಇನ್ನೊಂದು ಫೋಟೋ ಮುಗಿಯಲಿ ಅಂದುಕೊಂಡೆ. ಆಮೇಲೆ, ಕಾಫಿ ಮುಗಿಯಲಿ. ನಿನ್ನ ಸಂತೋಷ ನನ್ನಿಂದಾದದ್ದು ಎಂಬ ಹೆಮ್ಮೆ ಆಗಲೇ ನನ್ನೊಳಗೆ ಕೂತುಬಿಟ್ಟಿತ್ತು. ಅದನ್ನು ಇಷ್ಟು ಬೇಗ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ನಿಜವಾದ ಕಾರಣ ಅದು. ನಿನ್ನ ವೀಸಾ ಅಲ್ಲ, ನಿನ್ನ ಪದವಿಯೂ ಅಲ್ಲ.

ಕೊನೆಗೆ ನೀನೇ ಫೋನ್ ಕೇಳಿ ತೆಗೆದುಕೊಂಡೆ, ಮನೆಗೆ ಹೇಳಬೇಕು ಎಂದು. ಮಾಡಿದೆ. ಯಾರೋ ಎತ್ತಿದರು. ನಿನ್ನ ಮುಖ ಅರಳಿ, ಹಾಗೇ ನಿಂತುಹೋಯಿತು. ಸ್ಪೀಕರ್‌ಗೆ ಹಾಕಿದೆ. ಒಂದು ಹೆಣ್ಣು ದನಿ, ಯಂತ್ರದ್ದು, ಇಂಗ್ಲಿಷಿನಲ್ಲಿ ಯಾರೆಂದು ಕೇಳುತ್ತಿತ್ತು, ಅರ್ಥವಿಲ್ಲದ ಏನೇನೋ ಹೇಳುತ್ತಿತ್ತು. ನಿನ್ನ ಅಮ್ಮನ ಫೋನಿನಲ್ಲೂ ಅದೇ ದನಿ. ಹೊರದೇಶಗಳಿಂದ ಅಲ್ಲಿಗೆ ಹೋಗುವ ಕರೆಗಳೆಲ್ಲ ಅಂದು ಮಧ್ಯಾಹ್ನದಿಂದ ಹಾಗೇ ಆಗುತ್ತಿದ್ದವಂತೆ.

"ಅಕ್ಕ, ಇದು ಯಾರು?" ಎಂದು ಕೇಳಿದೆ.

"ನೆಟ್‌ವರ್ಕ್ ಇರಲ್ಲ. ನಾಳೆ ಸಿಗುತ್ತೆ ಬಿಡು."

ಇನ್ನು ಹೇಳಿ ಏನು ಪ್ರಯೋಜನ ಎಂದು ಆಗ ಅನ್ನಿಸಿತು. ಮನೆಗೆ ಬಂದು ನಿನ್ನ ಅಪ್ಪನ ಆ ಕರೆಯನ್ನು ನನ್ನ ಫೋನಿನಿಂದ ಅಳಿಸಿದೆ. ಅಮ್ಮ ಆರತಿ ತಟ್ಟೆ ಹಿಡಿದು "ಬಾರವ್ವ ಡಾಕ್ಟ್ರಮ್ಮ" ಎಂದು ನಿನ್ನನ್ನು ಒಳಗೆ ಕರೆದಳು.

ಸುದ್ದಿ ದುಬೈನಿಂದ ಬಂತು, ನಿನ್ನ ಸೋದರಸಂಬಂಧಿಯಿಂದ. ಪರೀಕ್ಷೆಯ ದಿನ ಸಂಜೆಯೇ ನಿಮ್ಮ ಪಕ್ಕದ ಕಟ್ಟಡದ ಮೇಲೆ ಬಾಂಬು ಬಿದ್ದಿತ್ತು. ನಿಮ್ಮ ಮನೆಯ ಗೋಡೆ ಒಳಕ್ಕೆ ಬಂದಿತ್ತು. ನಿನ್ನ ಅಮ್ಮ ಇಲ್ಲ. ಅಪ್ಪ ಉಳಿದಿದ್ದರು — ಅಷ್ಟು ಹೊತ್ತು ಕಾದ ಗಾಡಿಯವನಿಗೆ ಇನ್ನು ಹೋಗಪ್ಪಾ ಎಂದು ಹೇಳಲು ಕೆಳಗಿಳಿದಿದ್ದರಂತೆ.

ಗಾಡಿ ಯಾಕೆ ಕಾದಿತ್ತು ಎಂಬುದು ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ನಿನ್ನ ಅಪ್ಪನಿಗೆ. ನನಗೆ.

ಲೈನುಗಳು ತೆರೆದ ಮೇಲೆ ಅವರು ನಿನ್ನೊಡನೆ ಮಾತಾಡಿದರು. ನೀನು ಮೆಟ್ಟಿಲು ಇಳಿದು ಬಂದೆ. ನಾನು ಬಟ್ಟೆ ಒಣಗಿಸುತ್ತಿದ್ದೆ.

"ಅಕ್ಕ, ಅಪ್ಪ ಅವತ್ತು ನಿಮಗೆ ಫೋನ್ ಮಾಡಿದ್ರಂತೆ. ನನ್ನ ಹತ್ರ ಹೇಳಿ ಅಂದ್ರಂತೆ. ಮಾಡಿದ್ರಾ?"

"ಇಲ್ಲ."

"ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಇಲ್ಲ ಮಹ್ನಾಜ್. ಬಂದಿದ್ರೆ ಹೇಳ್ತಿರಲಿಲ್ವಾ?"

ನೀನು ಮೆಟ್ಟಿಲ ಕಡೆ ತಿರುಗಿದೆ. "ನನ್ನಪ್ಪ ಸುಳ್ಳು ಹೇಳಲ್ಲ ಅಂದ್ಕೊಂಡಿದ್ದೆ" ಎಂದೆ. ಮೇಲೆ ಹೋದೆ. ಆಮೇಲೆ ನಿನ್ನ ಭಾಷೆಯಲ್ಲಿ ನೀನು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಒಂದು ಪದವೂ ನನಗೆ ಅರ್ಥವಾಗಲಿಲ್ಲ, ಎಲ್ಲವೂ ಅರ್ಥವಾಯಿತು. ಹೆಂಡತಿಯನ್ನು ಕರೆದುಕೊಂಡು ಹೋಗಲಾರದ ಮುದುಕ ತನ್ನ ಹೇಡಿತನವನ್ನು ಮುಚ್ಚಲು ಕರೆಯ ಕಥೆ ಕಟ್ಟಿದ್ದಾನೆ — ಹಾಗೆಂದು ನೀನು ನಂಬಿದೆ. ನಂಬಿಸಿದವಳು ನಾನು. ಅಂದಿನಿಂದ ನೀನು ಅವರೊಡನೆ ಮಾತು ಬಿಟ್ಟೆ.

ಅಮ್ಮ ಕೆಳಗೆ ಕೂತು ಅತ್ತಳು. "ಆ ಮಗಾನ ಒಬ್ಳೇ ಬುಡ್ಬ್ಯಾಡ ಕಣೆ, ವೋಗು, ಪಕ್ಕದಲ್ಲಿ ಮಲಿಕೊ" ಎಂದಳು. ನಾನು ಮೇಲೆ ಬಂದೆ. ನೀನು ನನ್ನ ಮಡಿಲಲ್ಲಿ ತಲೆಯಿಟ್ಟೆ. "ನೀವು ಇಲ್ದಿದ್ರೆ ನಾನು ಏನು ಮಾಡ್ತಿದ್ದೆ, ಅಕ್ಕ" ಎಂದೆ.

ಅದಕ್ಕೆ ಉತ್ತರ ನನ್ನ ಬಳಿಯಿತ್ತು. ನಾನು ಇಲ್ಲದಿದ್ದರೆ ನಿನ್ನ ಫೋನ್ ನಿನ್ನ ಕೈಯಲ್ಲಿರುತ್ತಿತ್ತು.

ಈಗಲೂ ತರಗತಿಯಲ್ಲಿ ಅದೇ ಪಾಠ ಮಾಡುತ್ತೇನೆ. ದೊಡ್ಡ ದೇಶಗಳು ಒಂದು ಜನಾಂಗದ ಒಳಿತಿಗೆಂದೇ ಅವರ ಔಷಧಿ ನಿಲ್ಲಿಸುತ್ತವೆ, ಅವರ ಕ್ಷೇಮಕ್ಕೆಂದೇ ಬಾಂಬು ಹಾಕುತ್ತವೆ ಎಂದು ಒಬ್ಬ ಹುಡುಗಿ ಸಿಟ್ಟಿನಿಂದ ಹೇಳಿದಳು. ತರಗತಿ ಚಪ್ಪಾಳೆ ತಟ್ಟಿತು. ನಾನು ಬೋರ್ಡಿನ ಕಡೆ ತಿರುಗಿಕೊಂಡೆ. ಇನ್ನೊಬ್ಬರಿಗೆ ಏನು ತಿಳಿಯಬೇಕು, ಯಾವಾಗ ತಿಳಿಯಬೇಕು ಎಂದು ನಿರ್ಧರಿಸುವ ಸುಖ ನನಗೂ ಗೊತ್ತು. ಅದಕ್ಕೆ ಸೈನ್ಯ ಬೇಕಾಗಿಲ್ಲ.

ನೀನು ಕನ್ನಡ ಮಾತಾಡುತ್ತೀಯ, ಓದಲಾರೆ. ಕನ್ನಡದಲ್ಲಿ ಬರೆಯುವುದರಲ್ಲೂ ನನ್ನ ಹೇಡಿತನವಿದೆ ಎಂದು ಗೊತ್ತು. ಅದಕ್ಕೇ ಇದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ ನಿನಗೆ ಕಳಿಸುತ್ತೇನೆ. ನಿನ್ನ ಅಪ್ಪನಿಗೆ ಇಂಗ್ಲಿಷಿನಲ್ಲಿ, ಅವರು ನನ್ನೊಡನೆ ಮಾತಾಡಿದ ಹಾಗೆಯೇ ಒಂದೊಂದೇ ಪದವಾಗಿ, ಬೇರೆ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ನೀನು ಅವರಿಗೆ ಫೋನ್ ಮಾಡು, ಅಷ್ಟೇ. ನನಗೆ ಮಾಡಬೇಡ.

ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಆ ಸುಳ್ಳಿನ ನಂತರ ನೀನು ಇಲ್ಲಿದ್ದಷ್ಟು ದಿನ ನನಗೆ ನಿದ್ದೆ ಬರುತ್ತಿರಲಿಲ್ಲ. ಮೇಲೆ ನಿನ್ನ ಹೆಜ್ಜೆ ಕೇಳಿಸಿದರೆ, ಈಗ ಇಳಿದು ಬಂದು ಮತ್ತೆ ಕೇಳುತ್ತಾಳೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಅದನ್ನು ಪಶ್ಚಾತ್ತಾಪ ಎಂದು ನಾನೇ ಹೆಸರಿಟ್ಟುಕೊಂಡಿದ್ದೆ. ಕೊನೆಗೆ ನೀನು ದುಬೈಗೆ ಹೊರಟೆ. ಗೇಟಿನಲ್ಲಿ ಅಮ್ಮನ ಕಾಲು ಮುಟ್ಟಿದೆ, ನನ್ನನ್ನು ತಬ್ಬಿಕೊಂಡೆ, ಕಾರು ತಿರುವಿನಲ್ಲಿ ಮರೆಯಾಯಿತು. ಮರುದಿನ ಅಮ್ಮ ಭುಜ ಅಲುಗಾಡಿಸಿ ಎಬ್ಬಿಸಿದಳು: "ಏಳವ್ವ, ಬಿಸ್ಲು ಬಂದ್ಬುಡ್ತು. ಏನ್ ನಿದ್ದೆನೇ ನಿಂದು, ಹಾಲ್ನೋನು ಕೂಗಿ ಕೂಗಿ ವೋದ." ಎದ್ದು ಕೂತೆ. ಮೈ ಹಗುರವಾಗಿತ್ತು. ಎಷ್ಟೋ ವಾರಗಳ ಮೇಲೆ, ರಾತ್ರಿಯಿಡೀ, ಒಮ್ಮೆಯೂ ಎಚ್ಚರವಾಗದೆ ಮಲಗಿದ್ದೆ.