ಬಾಣಂತಿ ಕೋಣೆಯ ಕೆಂಡ: ಖಜೂರಿಯಿಂದ ಇಜೇರಿಗೆ

ಕಲಬುರಗಿಯಿಂದ ಆಳಂದದ ಬಸ್ಸು ಹೊರಟಾಗ ಮಂಜು ಇನ್ನೂ ಹರಿದಿರಲಿಲ್ಲ. ಸಂಕ್ರಮಣ ಹತ್ತಿರವಿತ್ತು, ಚಳಿ ಆ ವರ್ಷ ಜೋರಾಗಿಯೇ ಇತ್ತು. ಹೆಂಗಸರಿಗೆ ಈಗ ಟಿಕೀಟಿನ ರೊಕ್ಕವಿಲ್ಲ, ಆಧಾರ ಕಾರ್ಡು ತೋರಿಸಿದರೆ ಸಾಕು. ಹಾಗಾಗಿ ಬಸ್ಸಿನಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಗಂಟು ಕಟ್ಟಿಕೊಂಡು ತವರಿಗೆ ಹೊರಟವರೇ ತುಂಬಿದ್ದರು. ನಾನು ಹೊರಟಿದ್ದು ಮಣ್ಣಿಗೆ. ಖಜೂರಿಯಲ್ಲಿರುವ ನನ್ನ ತಂಗಿ ಸಿದ್ದಮ್ಮನ ಹಿರಿಮಗಳು ಭಾಗ್ಯಶ್ರೀ ಹಿಂದಿನ ದಿನ ತೀರಿಕೊಂಡಿದ್ದಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು, ಹೆಣ್ಣು ಹಡೆದು ಎರಡು ವಾರವೂ ಆಗಿರಲಿಲ್ಲ.

ಆಳಂದದಲ್ಲಿ ಇಳಿದು ಉಮರ್ಗಾ ಕಡೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಕೊಯ್ದ ತೊಗರಿಯ ಮೆದೆಗಳು, ನಡುನಡುವೆ ಮಹಾರಾಷ್ಟ್ರದ ಲಾರಿಗಳು. ಸಿದ್ದಮ್ಮನ ಗಂಡ ಬಸವರಾಜನೂ ಲಾರಿ ಓಡಿಸುವವನೇ. ಹೋದ ವರ್ಷ ಹಳೆಯ ಮಾಳಿಗೆ ಮನೆ ಕೆಡವಿ ಸ್ಲ್ಯಾಬ್ ಹಾಕಿಸಿದ್ದ. ಹಳೆಯ ಮನೆಯ ಮಾಳಿಗೆಯಲ್ಲಿ ಗೇಣುದ್ದದ ಬೆಳಕಿಂಡಿ ಇತ್ತು. ಒಲೆಯ ಹೊಗೆ, ಕೆಂಡದ ಕಾವು ಎಲ್ಲ ಅದರಿಂದ ಮೇಲೆ ಹೋಗುತ್ತಿತ್ತು. ಹೊಸ ಕೋಣೆಗೆ ಬೆಳಕಿಂಡಿ ಇಲ್ಲ. ಗಾಜಿನ ಸರಿಯುವ ಕಿಟಕಿ ಇದೆ. ಅದನ್ನು ಮುಚ್ಚಿದರೆ ಉಸಿರೂ ಹೊರಗೆ ಹೋಗುವುದಿಲ್ಲ.

ಆದದ್ದನ್ನು ಸಿದ್ದಮ್ಮ ಅತ್ತು ಅತ್ತು ತುಂಡುತುಂಡಾಗಿ ಹೇಳಿದಳು. ಅವತ್ತು ಮಧ್ಯಾಹ್ನ ಭಾಗ್ಯಾಗೆ ತಲೆಗೆ ನೀರು ಹಾಕಿ, ಹೊರಸಿನ ಮೇಲೆ ಮಲಗಿಸಿ, ಕೌದಿ ಹೊದಿಸಿದ್ದರು. ಹೊರಸಿನ ಕೆಳಗೆ ಶೇಗಡಿ ತುಂಬ ಕೆಂಡ. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿಗೆ ಚಾದರ ತುರುಕಿ, ಬಾಗಿಲು ಎಳೆದುಕೊಂಡಿದ್ದರು. ಕೂಸನ್ನು ಸಿದ್ದಮ್ಮ ಅಂಗಳದ ಬಿಸಿಲಿಗೆ ಒಯ್ದು ಎಣ್ಣೆ ಹಚ್ಚುತ್ತಿದ್ದಳು. ಕೂಸು ಅತ್ತಾಗ ಹಾಲು ಕುಡಿಸಲೆಂದು ಒಳಗೆ ಹೋದರೆ, ಭಾಗ್ಯಾ ಏಳಲಿಲ್ಲ. ಆಳಂದದ ಆಸ್ಪತ್ರೆಯಲ್ಲಿ ಡಾಕ್ಟರು ಮುಖದ ಕೆಂಪು ಬಣ್ಣ ನೋಡಿದವರೇ, ಕೋಣೆಯೊಳಗೆ ಇದ್ದಿಲಿನ ಬೆಂಕಿ ಇತ್ತೇನು ಎಂದು ಕೇಳಿದರಂತೆ. ಇದ್ದಿಲಿನಿಂದ ಏಳುವ ವಿಷಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ ಎಂದರಂತೆ.

ಊರಿನ ಹೆಂಗಸರಿಗೆ ಡಾಕ್ಟರ ಮಾತು ಹಿಡಿಸಲಿಲ್ಲ. ನೀರು ಹಾಕಿಕೊಂಡ ಹಸಿ ಮೈಗೆ ಯಾವುದೋ ನೆರಳು ಬಡಿಯಿತು ಎಂದೇ ಮಾತಾಡಿಕೊಂಡರು. ಭಾಗ್ಯಾಳ ಅಜ್ಜಿಯೂ ಇದೇ ಶೇಗಡಿಯ ಮೇಲೆ ಬಾಣಂತನ ಮಾಡಿಸಿಕೊಂಡವಳು, ಅವಳಿಗೆ ಏನಾಯಿತು ಎಂದು ಒಬ್ಬಳು ನನ್ನನ್ನೇ ಕೇಳಿದಳು. ಅಜ್ಜಿಯ ಕಾಲದ ಬೆಳಕಿಂಡಿಯ ಮಾತು ತೆಗೆದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಣ್ಣು ಮುಗಿಯಿತು. ಮೂರನೇ ದಿನದ ಮುಂಜಾನೆ ನಾನು ಹಿತ್ತಲಿನಿಂದ ಒಳಗೆ ಬಂದಾಗ ಆ ಕೋಣೆಯ ಬಾಗಿಲು ಹಾಕಿತ್ತು. ತಳ್ಳಿ ನೋಡಿದರೆ, ಪಕ್ಕದ ಮನೆಯ ಹೆಂಗಸು ಅದೇ ಶೇಗಡಿಯನ್ನು ಮುಂದಿಟ್ಟುಕೊಂಡು, ತಾಯಿ ಇಲ್ಲದ ಆ ಕೂಸಿಗೆ ಕಾವು ಕೊಡುತ್ತಿದ್ದಳು. ಶೇಗಡಿಯ ಕಿವಿ ಹಿಡಿದು ಎತ್ತಿ ಅಂಗಳಕ್ಕೆ ಒಯ್ದು ನೀರು ಸುರಿದೆ. ಕಲಬುರಗಿಯಲ್ಲಿ ಖಾನಾವಳಿ ನಡೆಸುತ್ತ, ಇಡೀ ಆಯುಷ್ಯ ಒಲೆ ಮುಂದೆ ಕೂತು ರೊಟ್ಟಿ ಬಡಿದವಳು ನಾನು. ಬೆಂಕಿಯ ಮೇಲೆ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಆ ಹೆಂಗಸು ಮುನಿಸಿಕೊಂಡು ಎದ್ದು ಹೋದಳು.

ಅಲ್ಲಿಂದ ನಾನು ಸೀದಾ ಮನೆಗೆ ಮರಳುವ ಹಾಗಿರಲಿಲ್ಲ. ಮೊದಲು ಅಫಜಲಪುರ ತಾಲೂಕಿನ ಗೊಬ್ಬೂರಿಗೆ, ಭಾಗ್ಯಾಳ ಗಂಡನ ಮನೆಗೆ ಹೋಗಿ, ಕೂಸು ಸದ್ಯಕ್ಕೆ ಖಜೂರಿಯಲ್ಲೇ ಇರಲಿ ಎಂದು ಕೇಳಬೇಕಿತ್ತು. ಆಮೇಲೆ ಜೇವರ್ಗಿ ಕಡೆಯ ಇಜೇರಿಗೆ. ಅಲ್ಲಿ ಸಿದ್ದಮ್ಮನ ಕಿರಿಮಗಳು ಸುನಂದಾ ಇದ್ದಾಳೆ. ಅವಳದು ಎರಡನೇ ಹೆರಿಗೆ. ಒಂದೇ ಮನೆಯಲ್ಲಿ ಇಬ್ಬರು ಬಾಣಂತಿಯರು ಬೇಡವೆಂದು ಅವಳನ್ನು ಅತ್ತೆಮನೆಯಲ್ಲೇ ಉಳಿಸಿದ್ದರು. ಅಕ್ಕನಿಗಿಂತ ಸ್ವಲ್ಪ ಮುಂಚೆ ಗಂಡು ಹಡೆದಿದ್ದಳು. ಅಕ್ಕ ಸತ್ತದ್ದನ್ನು ಅವಳಿಗೆ ಇನ್ನೂ ಯಾರೂ ತಿಳಿಸಿರಲಿಲ್ಲ.

ಬಸ್ಸು ಹತ್ತುವಾಗ ಸಿದ್ದಮ್ಮ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಸುನಂದಾಗ ಹೇಳಬ್ಯಾಡ. ಹಸಿ ಬಾಣಂತಿ ಅದಾಳ. ಅವಳಿಗೂ ಏನರ ಆದ್ರ ನಾ ಉಳಿಯಂಗಿಲ್ಲ." ಹೇಳುವುದಿಲ್ಲ ಎಂದು ಒಪ್ಪಿಕೊಂಡೆ. ಕೋಣೆ ಹೇಗಿದೆ ನೋಡಿ, ಬೆಂಕಿ ಇದ್ದರೆ ತೆಗೆಸಿ ಬರುತ್ತೇನೆ, ಅಷ್ಟೇ ಎಂದೆ.

ಗೊಬ್ಬೂರು ಮುಟ್ಟಿದಾಗ ಮಧ್ಯಾಹ್ನ. ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಭಾಗ್ಯಾಳ ಅತ್ತೆ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಕೂಸಿನ ಮಾತು ತೆಗೆಯುವುದಕ್ಕೆ ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅದೆಲ್ಲ ವ್ಯರ್ಥವಾಯಿತು. ಹೆಣ್ಣು ಕೂಸು, ನಿಮ್ಮಲ್ಲೇ ಇರಲಿ, ನಾವು ನಾಳೆ ಹುಡುಗನ ಮುಂದಿನದು ನೋಡಬೇಕಲ್ಲ ಎಂದಳು ಆಕೆ, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ. ಮಣ್ಣು ಹಾಕಿ ಬಂದ ಕೈಯ ನೀರು ಆರಿರಲಿಲ್ಲ. ನಾನು ಕೇಳಬೇಕೆಂದು ಬಂದದ್ದೇ ಸಿಕ್ಕಿತ್ತು, ಆದರೂ ಆ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಕೈ ತೊಳೆದೆ.

ಭಾಗ್ಯಾಳ ಗಂಡ ಮಲ್ಲಿನಾಥ ಅರ್ಧ ಊಟಕ್ಕೇ ಎದ್ದು ಹೊರಗೆ ಹೋಗಿದ್ದ. ನಾನು ಬಸ್ಸಿಗೆ ನಿಂತಾಗ ಹಿಂದಿನಿಂದ ಬಂದು ಪಕ್ಕಕ್ಕೆ ನಿಂತ. ಬಹಳ ಹೊತ್ತು ಟ್ರ್ಯಾಕ್ಟರುಗಳನ್ನೇ ನೋಡಿದ. ಆಮೇಲೆ ಕೇಳಿದ: "ಆ ಇದ್ದಿಲ ನಾ ಕೊಟ್ಟದ್ದು ಇತ್ತರಿ. ಜಾಲಿದು, ಚಲೋದು ಅಂತ ಆರಿಸಿ ಒಂದು ಚೀಲ ತಂದು ನಾನೇ ಗಾಡಿ ಮ್ಯಾಲ ಒಯ್ದು ಕೊಟ್ಟಿದ್ದೆ. ಅದರಿಂದಾ ಏನ್ರಿ?"

ಅವನಿಗೆ ಇಪ್ಪತ್ತೈದರ ಆಚೀಚೆ ವಯಸ್ಸು. ಇದ್ದಿಲು ಯಾವುದಾದರೂ ಅಷ್ಟೇ, ತಪ್ಪು ಮುಚ್ಚಿದ ಕೋಣೆಯದು, ಕಿಟಕಿ ಬಾಗಿಲು ತೆರೆದಿದ್ದರೆ ಅವಳು ಬದುಕುತ್ತಿದ್ದಳು ಎಂದೆ. ಸಮಾಧಾನ ಆಗಲೆಂದು ಹೇಳಿದ ಮಾತು ಅದು. ಅವನ ಮುಖ ನೋಡಿದ ಮೇಲೆ, ಹೇಳಬಾರದಿತ್ತೇನೋ ಅನ್ನಿಸಿತು. "ಕಿಟಕಿ ಮುಚ್ಚರಿ ಅಂತ ಹೇಳಿದಾಂವನೂ ನಾನೇ ಅದೀನ್ರಿ," ಎಂದ. ಬಸ್ಸು ಬಂತು, ನಾನು ಹತ್ತಿದೆ. ಅವನು ರಸ್ತೆಯ ಅಂಚಿನಲ್ಲೇ ನಿಂತಿದ್ದ.

ಅಫಜಲಪುರದಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ಮರುದಿನ ಜೇವರ್ಗಿ ಕಡೆಯ ಬಸ್ಸು ಹಿಡಿದೆ. ಪಕ್ಕದಲ್ಲಿ ಖಾಜಾಬೀ ಎಂಬ ಮುದುಕಿ ಕೂತಿದ್ದಳು. ಮಗಳ ಬಾಣಂತನಕ್ಕೆ ಹೊರಟವಳು, ಕಾಲಬುಡದಲ್ಲಿ ಕೊಬ್ಬರಿ ಖಾರಿಕದ ಚೀಲ. ಎಲ್ಲಿಗೆ ಹೊರಟೆ ಎಂದು ಕೇಳಿದಳು, ಭಾಗ್ಯಾ ಸತ್ತ ಬಗೆಯನ್ನೂ ಸೇರಿಸಿ ಎಲ್ಲ ಹೇಳಿದೆ. ತಾನೂ ಕೆಂಡ ಇಡಬೇಕೆಂದೇ ಹೊರಟಿದ್ದೇನೆ, ಇನ್ನು ಕೋಣೆಯ ಹೊರಗೇ ಇಡುತ್ತೇನೆ ಎಂದಳು. ಆದರೆ ತಂಗಿಗೆ ಅಕ್ಕನ ಸಾವು ಹೇಳಬೇಡ, ಹಾಲು ಬತ್ತುತ್ತದೆ ಎಂದು ಅವಳೂ ಎಚ್ಚರಿಸಿದಳು. ಭೀಮಾ ನದಿಯ ಸೇತುವೆ ದಾಟುವಾಗ ಕಿಟಕಿಯಿಂದ ಬಂದ ಗಾಳಿ ಕೊರೆಯುತ್ತಿತ್ತು. ಯಾರೋ ಕಿಟಕಿ ಮುಚ್ಚಿರಿ ಎಂದರು. ಖಾಜಾಬೀ ನನ್ನ ಮುಖ ನೋಡಿ, ಮುಚ್ಚಲಿಲ್ಲ.

ಇಜೇರಿ ದೊಡ್ಡ ಊರು. ಸುನಂದಾಳ ಮನೆ ರಸ್ತೆಗೇ ಹತ್ತಿಕೊಂಡಿದೆ. ಅವಳ ಅತ್ತೆ ಗುರುಬಾಯಿ ಕಾಲಿಗೆ ನೀರು ಕೊಟ್ಟು, ಚಹಾ ಮಾಡಿ, ನನ್ನನ್ನು ಪಡಸಾಲೆಯ ಮೂಲೆಗೆ ಕರೆದು, ಒಳಗೆ ಹೋದಾಗ ಮುಖದಲ್ಲಿ ಏನೂ ತೋರಿಸಬಾರದು ಎಂದಳು. ಅವಳು ಕೆಟ್ಟವಳಲ್ಲ. ಸೊಸೆಗೆ ತುಪ್ಪ, ಅಂಟಿನುಂಡಿ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ.

ಕೋಣೆಯ ಬಾಗಿಲು ತೆರೆದಾಗ ಒಳಗಿನ ಕಾವು ಮುಖಕ್ಕೆ ಬಡಿಯಿತು. ಕಿಟಕಿಗೆ ಗೋಣಿಚೀಲ ಬಡಿದಿದ್ದರು. ಹೊರಸಿನ ಕೆಳಗೆ ಶೇಗಡಿ. ಸುನಂದಾ ಕೌದಿಯೊಳಗಿಂದ ಎದ್ದು ಕೂತು ನಕ್ಕಳು. ಮುಂಜಾನೆಯಿಂದ ತಲೆ ಸಿಡಿಯುತ್ತಿದೆ, ಎರಡು ಸಲ ವಾಂತಿ ಆಯಿತು ಎಂದಳು. ಅಜವಾನದ ಧೂಪದ ಉಷ್ಣ ಅಷ್ಟೇ ಎಂದಳು ಗುರುಬಾಯಿ.

ಶೇಗಡಿಯನ್ನು ಪಡಸಾಲೆಗೆ ಒಯ್ದಿಟ್ಟೆ. ಬೆಂಕಿಯ ಕಾವು ತಲೆನೋವು ತರುತ್ತದೆ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಕಾಲ ಹತ್ತಿರ ಇಡೋಣ, ಕಿಟಕಿ ನಾಲ್ಕು ಬೆರಳು ತೆರೆಯೋಣ ಎಂದೆ. ಗುರುಬಾಯಿ ಹ್ಞೂಂ ಅಂದಳು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಶೇಗಡಿ ಮತ್ತೆ ಹೊರಸಿನ ಕೆಳಗೆ ಬಂದಿತ್ತು. ಮತ್ತೆ ಒಯ್ದೆ. ಈ ಸಲ ಸುನಂದಾಳೇ ಬೇಡವೆಂದಳು. "ಇರ್ಲಿ ಬಿಡ್ರಿ ದೊಡ್ಡವ್ವಾ, ಚಳಿ ಹತ್ತಾಕತ್ತದ. ಅತ್ತೀ ಬ್ಯಾಸರ ಮಾಡ್ಕೋತಾರ." ಆಮೇಲೆ ಕೂಸನ್ನು ಮಗ್ಗುಲಿಗೆ ಎಳೆದುಕೊಳ್ಳುತ್ತ ಕೇಳಿದಳು: "ಭಾಗ್ಯಾ ಹ್ಯಾಂಗದಾಳ? ಫೋನ್ ಎತ್ತವಲ್ಲಳು."

ನಾನು ಇವತ್ತೋ ನಾಳೆಯೋ ಹೋಗುತ್ತೇನೆ, ಆಮೇಲೆ ಈ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

"ಭಾಗ್ಯಾ ಇಲ್ಲ ಸುನಂದಾ," ಎಂದೆ. "ಹೀಂಗೇ ಕಿಟಕಿ ಮುಚ್ಚಿದ್ರು, ಹೀಂಗೇ ಹೊರಸಿನ ಕೆಳಗ ಕೆಂಡ ಇಟ್ಟಿದ್ರು. ಮಲಗಿದಾಕಿ ಏಳಲಿಲ್ಲ. ಕೂಸು ಹೊರಗಿತ್ತು, ಉಳೀತು."

ಅವಳು ಅಳಲಿಲ್ಲ. ಯಾವಾಗ ಎಂದು ಕೇಳಿದಳು. ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ನೋಡಿದಳು. ಅತ್ತೆ ತಲೆ ತಗ್ಗಿಸಿದಳು. "ಇಷ್ಟು ದಿನಾ ನನಗ ಉಂಡಿ ತಿನ್ನಿಸಿದ್ರಿ," ಎಂದಳು ಸುನಂದಾ. "ಅಕ್ಕ ಮಣ್ಣಾಗಿದ್ದಳು, ನಾ ಇಲ್ಲಿ ತುಪ್ಪ ಹಾಕ್ಕೊಂಡು ಉಣಾಕತ್ತಿದ್ದೆ." ಕೂಸನ್ನು ನನ್ನ ಕೈಗೆ ಕೊಟ್ಟು ಎದ್ದಳು. ಗೋಡೆ ಹಿಡಿದುಕೊಂಡು ಕಿಟಕಿಯವರೆಗೆ ಹೋಗಿ, ಗೋಣಿಚೀಲವನ್ನು ಮೊಳೆ ಸಮೇತ ಕಿತ್ತಳು. ಆಮೇಲೆ ಅಲ್ಲೇ ಕುಸಿದು ಕೂತು ಅತ್ತಳು.

ಗುರುಬಾಯಿ ನನ್ನ ಮೇಲೆ ಕೂಗಾಡಲಿಲ್ಲ. ಪಡಸಾಲೆಗೆ ಕರೆದು ಮೆಲ್ಲಗೆ ಹೇಳಿದಳು. "ಹಸಿ ಬಾಣಂತಿ ಮುಂದ ಸಾವು ತಂದಿಟ್ಟಿರಿ. ಹಾಲು ಬತ್ತಿದ್ರ ಯಾರು ಕುಡಿಸ್ತಾರ್ರಿ? ಮತ್ತ ನಮ್ಮ ಹೊಸ್ತಲಾ ತುಳೀಬ್ಯಾಡ್ರಿ."

ಅವತ್ತು ಮತ್ತೆ ಬಸ್ಸಿರಲಿಲ್ಲ, ರಾತ್ರಿ ಪಡಸಾಲೆಯಲ್ಲೇ ಕಳೆದೆ. ಗುರುಬಾಯಿ ಹೆದರಿದ್ದೇ ಆಯಿತು. ಮರುದಿನ ಮುಂಜಾನೆಯ ಹೊತ್ತಿಗೆ ಸುನಂದಾಳ ಹಾಲು ಕಡಿಮೆಯಾಗಿ ಕೂಸು ಒಂದೇ ಸಮ ಅಳುತ್ತಿತ್ತು. ಅವಳ ಗಂಡ ಹಾಲಿನ ಪುಡಿ ತರಲು ಜೇವರ್ಗಿಗೆ ಹೋದ. ಹಾಲು ಮತ್ತೆ ಬರುತ್ತದೆ, ಹೋದ ಉಸಿರು ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ, ಕೇಳುವವರಿರಲಿಲ್ಲ. ಸುನಂದಾಳ ತಲೆನೋವು ಮಾತ್ರ ಇಳಿದಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟರಲ್ಲಿ ಸಿದ್ದಮ್ಮನ ಫೋನು ಬಂತು. ಮಗಳು ಅವಳಿಗೆ ಫೋನ್ ಮಾಡಿ ಅತ್ತಿದ್ದಳಂತೆ. "ಮಾತು ಕೊಟ್ಟು ಹೋದಾಕಿ ನೀ," ಎಂದಳು, ಇಟ್ಟುಬಿಟ್ಟಳು. ಆಮೇಲೆ ನಾನು ಮಾಡಿದ ಫೋನನ್ನು ಅವಳು ಎತ್ತಲಿಲ್ಲ, ಇವತ್ತಿಗೂ ಎತ್ತುವುದಿಲ್ಲ.

ಹೊರಡುವ ಮುಂಚೆ ಕೋಣೆಗೆ ಹೋದೆ. ಸುನಂದಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬೆಂಕಿ ಹಾಕಲೇಬೇಕಾದರೆ ಅಂಗಳದಲ್ಲಿ ಹಾಕಿಸು, ಮೈ ಕಾಯಿಸಿಕೊಂಡು ಒಳಗೆ ಬಾ, ಕೆಂಡ ಬೂದಿಯಾಗಿ ಕಂಡರೂ ಒಳಗೆ ತರಬೇಡ, ಆರುವ ಕೆಂಡವೂ ಅಷ್ಟೇ ಕೆಟ್ಟದ್ದು ಎಂದೆ.

ಕಲಬುರಗಿಗೆ ಹೋಗುವ ಬಸ್ಸು ಅವರ ಮನೆಯ ಮುಂದೆಯೇ ಹಾಯ್ದು ಹೋಗುತ್ತದೆ. ಚಳಿಗಾಳಿ ಬೀಸುತ್ತಿತ್ತು, ಬಸ್ಸಿನೊಳಗಿನವರೆಲ್ಲ ಸೆರಗು ಬಿಗಿದುಕೊಂಡು ಕೂತಿದ್ದರು. ಆ ಕಿಟಕಿ ತೆರೆದಿತ್ತು. ಸುನಂದಾ ಕೌದಿ ಹೊದ್ದು, ಕೂಸನ್ನು ಎದೆಗೆ ಒತ್ತಿಕೊಂಡು, ಒಳಗೆ ನಿಂತಿದ್ದಳು. ನಾನು ಕೈ ಎತ್ತಿದೆ. ಅವಳು ನನ್ನನ್ನು ನೋಡಿದಳು. ಕೈ ಎತ್ತಲಿಲ್ಲ, ಕಿಟಕಿ ಮುಚ್ಚಲೂ ಇಲ್ಲ.