ಅವಸರವಿಲ್ಲದ ಕಪ್ಪೆ

ನನ್ನ ಫೋನಿನಲ್ಲಿ ಒಂದು ಕಪ್ಪೆ ಇದೆ. ಸಂಜೆಯಾಗುತ್ತಿದ್ದಂತೆ 'ಟುಳುಕ್' ಎಂದು ನೀರಿಗೆ ಹಾರಿ ತನ್ನನ್ನು ನೆನಪಿಸುತ್ತದೆ. ಇವತ್ತು ಅದು ಹಾರಿದ್ದು ಆಫೀಸಿನ ಮೀಟಿಂಗಿನ ನಡುವೆ. ಎಲ್ಲರೂ ತಮ್ಮ ತಮ್ಮ ಫೋನು ನೋಡಿಕೊಂಡರು. ಯಾರದೋ ಕಪ್ಪೆ ಎಂಬ ಮುಖ ಮಾಡಿ ನಾನೂ ನೋಡಿಕೊಂಡೆ. ಮಕ್ಕಳಿಲ್ಲದ ನನ್ನ ಫೋನಿನಲ್ಲಿ ಚಿಕ್ಕ ಮಕ್ಕಳ ಗಣಿತದ ಕಪ್ಪೆ ಏಕಿದೆ ಎಂದು ಸಹೋದ್ಯೋಗಿಗಳಿಗೆ ವಿವರಿಸುವುದು ನನಗೆ ಆಗದ ಕೆಲಸ. ನಿಮಗೆ ಹೇಳಬಹುದು, ನೀವು ಅಡ್ಡಪ್ರಶ್ನೆ ಕೇಳುವವರಲ್ಲ.

ನಾನಿರುವುದು ಸಂಭಾಜಿನಗರದಲ್ಲಿ, ಅಕ್ಕ ನಾಶಿಕದಲ್ಲಿ. ಅವಳ ಮಗಳು ಶ್ರಾವಣಿ ಎರಡನೇ ತರಗತಿಯಲ್ಲಿದ್ದಾಗ ಅಕ್ಕನ ಫೋನು ಬಂತು.

"ಗಣಿತದ ಪುಸ್ತಕ ತಗದ್ರ ಸಾಕು, 'ಪೋಟ್ ದುಖತಂಯ್' ಅಂತ ಹೊಟ್ಟಿ ಹಿಡಕೊಂಡು ಮಲಗ್ತಾಳ. ನೀ ಸ್ಟ್ಯಾಟಿಸ್ಟಿಕ್ಸ್ ಕಲ್ತಾಕಿ. ಆನ್‌ಲೈನ್ ಏನರೆ ಹುಡುಕು. ಅಂಜಸೂವಂಥಾದ್ದು ಬ್ಯಾಡ ಮತ್ತ."

ಇದೇನು ಮಹಾ ಎಂದುಕೊಂಡು ಹುಡುಕಲು ಕೂತೆ. ಒಂದು ಆಪ್‌ನಲ್ಲಿ ಪ್ರಶ್ನೆಯ ಪಕ್ಕ ಪಟಾಕಿಯ ಬತ್ತಿ ಉರಿಯುತ್ತಿತ್ತು. ಅದು ಸಿಡಿಯುವುದರೊಳಗೆ ಉತ್ತರ ಕೊಡಬೇಕು. ಇನ್ನೊಂದರಲ್ಲಿ ಉತ್ತರ ತಪ್ಪಿದರೆ ಒಂದು ಸಿಂಹದ ಮರಿ ಗಳಗಳ ಅಳುತ್ತಿತ್ತು. ಮತ್ತೊಂದು, 'ನಿಮ್ಮ ವಯಸ್ಸಿನ ಬಹಳ ಮಕ್ಕಳು ನಿಮಗಿಂತ ಮುಂದಿದ್ದಾರೆ' ಎಂದಿತು. ನನ್ನ ವಯಸ್ಸು ಏಳು ಎಂದು ನಾನೇ ನಮೂದಿಸಿದ್ದೆ. ಆದರೂ ಎಷ್ಟು ಅವಮಾನವಾಯಿತೆಂದರೆ, ಊಟ ಬಿಟ್ಟು ಇನ್ನೊಂದು ಸುತ್ತು ಆಡಿದೆ. ಶ್ರಾವಣಿಯ ಹೊಟ್ಟೆನೋವು ನನಗೆ ಅರ್ಥವಾದದ್ದು ಆಗಲೇ.

ಕೊನೆಗೆ ಸಿಕ್ಕಿದ್ದು ಕಪ್ಪೆ. ಕೊಳದಲ್ಲಿ ತಾವರೆ ಎಲೆಗಳು, ಎಲೆಗಳ ಮೇಲೆ ಅಂಕಿಗಳು. ಸರಿಯಾದ ಎಲೆ ಮುಟ್ಟಿದರೆ ಕಪ್ಪೆ ಅಲ್ಲಿಗೆ ಹಾರುತ್ತದೆ; ತಪ್ಪಿದರೆ ನೀರಿಗೆ ಬಿದ್ದು, ಮುಖ ಕೊಡವಿಕೊಂಡು, ಮತ್ತೆ ಮೊದಲಿನ ಎಲೆಯ ಮೇಲೆ ಕೂರುತ್ತದೆ. ಗಡಿಯಾರವಿಲ್ಲ, ಅಂಕವಿಲ್ಲ, ತಾಯಿಗೆ ವರದಿ ಹೋಗುವುದಿಲ್ಲ. ನಾವು ಸುಮ್ಮನಿದ್ದರೆ ಅದೂ ಕಣ್ಣು ಮಿಟುಕಿಸುತ್ತ ಸುಮ್ಮನಿರುತ್ತದೆ. ಅದರ ಸ್ವಭಾವ ನನಗೆ ಬಹಳ ಹಿಡಿಸಿತು; ಅಕ್ಕನಿಗೆ ಕಳಿಸಿ, ನನ್ನ ಫೋನಿನಲ್ಲೂ ಉಳಿಸಿಕೊಂಡೆ.

ಮೊದಮೊದಲು ಶ್ರಾವಣಿ ಬೇಕೆಂದೇ ಕಪ್ಪೆಯನ್ನು ನೀರಿಗೆ ಕೆಡವಿ ನಗುತ್ತಿದ್ದಳಂತೆ. "ಇದು ಗಣಿತನ ಏನ್?" ಎಂದು ಅಕ್ಕ ಕೇಳಿದಳು. ಇರಲಿ ಎಂದೆ. ಬರಬರುತ್ತ ಕಪ್ಪೆ ನೀರಿಗಿಂತ ಎಲೆಯ ಮೇಲೆ ಹೆಚ್ಚು ಕಾಣಿಸತೊಡಗಿತು, ಹೊಟ್ಟೆನೋವು ಕಡಿಮೆಯಾಯಿತು. ಅಷ್ಟರಲ್ಲಿ ದೊಡ್ಡಪ್ಪ ನಾಶಿಕಕ್ಕೆ ಹೊರಟರು.

ದೊಡ್ಡಪ್ಪನ ವಿಷಯ ಹೇಳದಿದ್ದರೆ ಅಕ್ಕನ ಗಾಬರಿ ನಿಮಗೆ ತಿಳಿಯದು. ಬೀದರ್ ಕಡೆಯಿಂದ ಬಂದು ನಮ್ಮೂರ ಪಕ್ಕದ ವಾಳೂಜಿನ ಕಾರ್ಖಾನೆಯಲ್ಲಿ ದುಡಿದವರು. ನಾವೆಲ್ಲ ಬೆಳೆದದ್ದು ಅವರ ಮನೆಯಲ್ಲೇ. ಯಾರ ಮನೆಗೆ ಯಾರೇ ಬರಲಿ, ಚಹಾ ಮುಗಿದ ಕೂಡಲೇ ಮಕ್ಕಳ ಸಾಲು ನಿಲ್ಲಿಸಿ, "ಹ್ಞಾಂ, ಮಗ್ಗಿ ಅನ್ರಿ" ಎನ್ನುತ್ತಿದ್ದರು. ಶಾಲೆಯಲ್ಲಿ ನಾವು ಕಲಿಯುತ್ತಿದ್ದುದು ಮರಾಠಿಯಲ್ಲಿ. ಅವರಿಗೆ ಬೇಕಾದದ್ದು ಕನ್ನಡದ ಮಗ್ಗಿ. ಲೆಕ್ಕ ಬಂದಿದೆಯೇ, ಕನ್ನಡ ಹೋಗಿದೆಯೇ, ಎರಡೂ ಒಂದೇ ಏಟಿಗೆ ತಿಳಿಯುತ್ತಿತ್ತು. ಅರೆಗಣ್ಣು ಮುಚ್ಚಿ, ಬಲಗೈ ಜುಬ್ಬಾದ ಜೇಬಿನೊಳಗಿಟ್ಟು ಕೇಳುತ್ತಿದ್ದರು. ಜೇಬಿನಲ್ಲಿ ಗೆದ್ದವರಿಗೆ ಕೊಡುವ ಪೆಪ್ಪರಮೆಂಟು ಇದೆಯೆಂದು ನಮ್ಮ ನಂಬಿಕೆ. ಅದು ಎಂದೂ ಹೊರಗೆ ಬರಲಿಲ್ಲ. ನಾನಂತೂ ಚಹಾದ ಕಪ್ಪು-ಬಸಿಯ ಸದ್ದು ಕೇಳುತ್ತಲೇ ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತುತ್ತಿದ್ದೆ. ನಮ್ಮ ಮನೆಯ ಬಟ್ಟೆಗಳು ಶ್ರದ್ಧೆಯಿಂದ ಮಡಿಕೆ ಕಂಡದ್ದು ನೆಂಟರು ಬಂದ ದಿನಗಳಲ್ಲೇ.

ರೈಲಿನಲ್ಲಿ ಅವರ ಜೊತೆ ನಾನೇ ಹೊರಟೆ. ಕೂಸಿಗೆ ಮಗ್ಗಿ ಕೇಳಬೇಡಿ ಎಂದು ಮನ್ಮಾಡ್ ಬರುವುದರೊಳಗೆ ಹೇಳಿಬಿಡಬೇಕೆಂದುಕೊಂಡಿದ್ದೆ. ಮನ್ಮಾಡ್ ಬಂತು.

"ದೊಡ್ಡಪ್ಪಾರ..."

"ಏನವ್ವಾ?"

"ಬಾಳೆಹಣ್ಣು ತರ್ಲೇನ್ರಿ?"

ನಾಶಿಕದವರೆಗೂ ಬೇಡದ ಬಾಳೆಹಣ್ಣು ತಿನ್ನುತ್ತ ಕೂತೆ.

ಅಕ್ಕನ ಮನೆಯಲ್ಲಿ ಚಹಾ ಮುಗಿಯಿತು. ದೊಡ್ಡಪ್ಪ ಗಂಟಲು ಸರಿಪಡಿಸಿಕೊಂಡರು. "ಬಾರವ್ವಾ ಶ್ರಾವಣಿ, ಏಳರ ಮಗ್ಗಿ ಅನ್ನು ನೋಡೂಣು."

ಶ್ರಾವಣಿಯ ಕೈ ಹೊಟ್ಟೆಗೆ ಹೋಯಿತು. ಅಕ್ಕ ನನ್ನನ್ನು ನೋಡಿದಳು. ಮಾಳಿಗೆಯ ಮೇಲೆ ಬಟ್ಟೆ ಇರಬಹುದೇ ಎಂಬ ಯೋಚನೆ ನನಗೆ ಒಂದು ಗಳಿಗೆ ಬಂದದ್ದು ನಿಜ. ಆದರೆ ಬಾಯಿ ತಾನಾಗಿ ತೆರೆಯಿತು. "ದೊಡ್ಡಪ್ಪಾರ, ಈಗ ಅಕಿ ಮಗ್ಗಿ ಅನ್ನಂಗಿಲ್ರಿ, ಕಪ್ಪಿ ಹಾರಸ್ತಾಳ. ಮೊದಲ ನೀವು ಹಾರಸಿ ತೋರಸ್ರಿ."

"ನನಗೇನ್ ಬರಂಗಿಲ್ಲಂತ ತಿಳದೀಯೇನ?" ಎಂದು ನನ್ನ ಫೋನು ಇಸಿದುಕೊಂಡರು.

ಕಪ್ಪೆ ಏಳೆಂಟ್ಲ ಎಷ್ಟು ಎಂದು ಕೇಳಿತು. ದೊಡ್ಡಪ್ಪ ಕಣ್ಣು ಮುಚ್ಚಿ, "ಏಳೊಂದ್ಲ ಏಳು" ಎಂದು ಕೆಳಗಿನ ಮೆಟ್ಟಿಲಿನಿಂದ ಹೊರಟರು. ಏಳಾರ್ಲ ನಲವತ್ತೆರಡಕ್ಕೆ ಬಂದು ನಿಂತರು. ಕಪ್ಪೆ ಕಣ್ಣು ಮಿಟುಕಿಸಿತು. ಅವರ ಬಲಗೈ ಮೆಲ್ಲಗೆ ಜೇಬಿಗೆ ಇಳಿಯಿತು. ಒಳಗೆ ಇಲಿ ಹೊಕ್ಕಂತೆ ಜುಬ್ಬಾ ಅಲುಗತೊಡಗಿತು. ಶ್ರಾವಣಿಯ ಮುಖ ಸರಿಯಾಗಿ ಜೇಬಿನ ಎತ್ತರದಲ್ಲಿತ್ತು. ಅವಳು ಮುಂಗೈ ಹಿಡಿದು ಎಳೆದಳು. ದೊಡ್ಡಪ್ಪನ ಹೆಬ್ಬೆರಳು ಉಂಗುರದ ಬೆರಳಿನ ಗೆರೆಯ ಮೇಲೆ ನಿಂತಿತ್ತು.

"ಅಜ್ಜಾ ಬೆರಳ ಮ್ಯಾಲೆ ಎಣಸ್ತಾನ! ಶಾಳ್ಯಾಗ ಹಿಂಗ ಎಣಸಿದ್ರ ಟೀಚರ್ ಬೈತಾರ!"

ದೊಡ್ಡಪ್ಪನ ಕಿವಿ ಕೆಂಪಾಯಿತು. "ಅಲ್ಲಿತನಾ ಬಾಯಿಲೆ ಬರ್ತದವ್ವಾ. ಮುಂದ ಕೈ ಬೇಕಾಗ್ತದ."

"ಮತ್ತ ನಮ್ಮನ್ನ ಕೇಳೂವಾಗ್ರಿ?" ಎಂದೆ.

"ಆವಾಗೂ ಹಂಗಽ. ನೀವು ಅಂದಿದ್ದು ಬರೋಬರ್ ಅದ ಏನ್ ಇಲ್ಲ ನನಗೂ ತಿಳೀಬೇಕಲ್ಲ!"

ಅಕ್ಕ ನಗುತ್ತ ನೆಲಕ್ಕೇ ಕೂತಳು. ಆ ಗಡಿಬಿಡಿಯಲ್ಲಿ ದೊಡ್ಡಪ್ಪ ಯಾವುದೋ ಎಲೆ ಒತ್ತಿದರು. ಕಪ್ಪೆ ಟುಳುಕ್ ಎಂದು ಬಿತ್ತು. ಅವರು ಬೆಚ್ಚಿದರು. ಶ್ರಾವಣಿ ಅವರ ಮೊಣಕಾಲು ತಟ್ಟಿದಳು.

"ಟೆನ್ಶನ್ ಬ್ಯಾಡ ಅಜ್ಜಾ. ಕಪ್ಪಿ ಬೈಯಂಗಿಲ್ಲ. ನೋಡು, ಮತ್ತ ಬಂದು ಕೂಡ್ತದ."

ಬಳಿಕ ಇಬ್ಬರೂ ಕೈ ಬಿಚ್ಚಿ ಎಣಿಸಿದರು. ಒಂದು ಬೆಣ್ಣೆಯಂಥ ಕೈ, ಒಂದು ಕಾರ್ಖಾನೆಯಲ್ಲಿ ದಡ್ಡುಗಟ್ಟಿದ ಕೈ. ಐವತ್ತಾರಕ್ಕೆ ಕಪ್ಪೆ ಹಾರಿದಾಗ ದೊಡ್ಡಪ್ಪ ಬಡ್ತಿ ಸಿಕ್ಕವರಂತೆ ನಮ್ಮತ್ತ ನೋಡಿ, "ಇನ್ನೊಂದು ಕೇಳಂತ ಹೇಳು ಅದಕ್ಕ" ಎಂದರು. ಶ್ರಾವಣಿಯ ಇನ್ನೊಂದು ಕೈ ಹೊಟ್ಟೆಯ ಮೇಲಿರಲಿಲ್ಲ. ಅಜ್ಜನ ಹೆಗಲ ಮೇಲಿತ್ತು.

ಮತ್ತೆ ಇವತ್ತಿನ ಮೀಟಿಂಗಿಗೆ ಬರುತ್ತೇನೆ. ಕಪ್ಪೆಯ ಸದ್ದು ಅಡಗಿದ ಮೇಲೆ, ಕಾರ್ಯಕ್ರಮಕ್ಕೆ ಒಟ್ಟು ಎಷ್ಟು ಕುರ್ಚಿ ಬೇಕಾದಾವು ಎಂದು ಮೇಲಧಿಕಾರಿ ನನ್ನನ್ನು ಕೇಳಿದರು. ನನ್ನ ಕುರ್ತಾಗಳಿಗೆಲ್ಲ ನಾನು ಜೇಬು ಹೊಲಿಸುತ್ತೇನೆ. ಏಕೆಂದು ಈವರೆಗೆ ಯಾರೂ ಕೇಳಿಲ್ಲ. ಬಲಗೈ ಆಗಲೇ ಅದರೊಳಗೆ ಇಳಿದಿತ್ತು. ಹೊರಗೆ ತೆಗೆದೆ. ಮೇಜಿನ ಮೇಲಿಟ್ಟು, ಎಲ್ಲರಿಗೂ ಕಾಣುವಂತೆ, ಗೆರೆಯಿಂದ ಗೆರೆಗೆ ಹೆಬ್ಬೆರಳು ನಡೆಸುತ್ತ ನಿಧಾನವಾಗಿ ಎಣಿಸಿದೆ.